ನವರಂಗ ಹಕ್ಕಿಯನ್ನು ನೋಡುವುದು, ಫೋಟೊ ತೆಗೆಯುವುದು: ಮೈಸೂರು–ಮಂಡ್ಯ ಕಡೆಯವರಿಗೆ ಒಂದು ಮಾರ್ಗದರ್ಶಿ

ನವರಂಗ ಹುಡುಕಿ ಹೊರಟವರಿಗೆ ಸಾಮಾನ್ಯವಾಗಿ ಕಾಣುವುದು ಹಾರಿಹೋಗುವ ಹಕ್ಕಿಯ ಬೆನ್ನು. ಮೆಳೆಯ ಅಡಿಯಿಂದ ಏನೋ ಭರ್ರೆಂದು ಎದ್ದಿತು, ರೆಕ್ಕೆಯಲ್ಲೊಂದು ಬಿಳಿ ಮಚ್ಚೆ ಮಿಂಚಿತು, ಅಷ್ಟಕ್ಕೆ ಮುಗಿಯಿತು. ತಪ್ಪು ಹಕ್ಕಿಯ ಸಂಕೋಚದ್ದು ಅನ್ನುತ್ತೇವೆ. ಹೆಚ್ಚಿನ ಸಲ ತಪ್ಪು ಹುಡುಕುವ ಕ್ರಮದ್ದು. ಕೆರೆಯ ಹಕ್ಕಿ ನೋಡಿ ಪಳಗಿದವರು ನಡೆಯುತ್ತಾ, ದುರ್ಬೀನು ಆಡಿಸುತ್ತಾ ಹುಡುಕುತ್ತಾರೆ. ತರಗೆಲೆಯ ನಡುವೆ ಒಂಟಿಯಾಗಿ ಮೇಯುವ ಹಕ್ಕಿಗೆ ಆ ದಾರಿ ನಡೆಯದು. ಇದನ್ನು ಸಂಜೆ ಕಿವಿಯಿಂದ ಹುಡುಕಬೇಕು. ಮರುದಿನ ಹಗಲು ನೆಲ ನೋಡಿಕೊಂಡು, ಅದರ ಮಾರನೆಯ ಬೆಳಗ್ಗೆ ಅದು ಮೇಯಲು ಇಳಿಯುವ ಮೊದಲೇ ಹೋಗಿ ಕೂತಿರಬೇಕು. ಕ್ಯಾಮೆರಾ ಮಾತು ಆಮೇಲೆ.

ಹಕ್ಕಿ ಯಾವುದು ಅನ್ನುವುದು ಮೊದಲು ಗಟ್ಟಿಯಾಗಲಿ

ಉದ್ದ ಸುಮಾರು 19 ಸೆಂಟಿಮೀಟರ್. ಗೊರವಂಕಕ್ಕಿಂತ ಚಿಕ್ಕದು, ಆದರೆ ಮೈ ದುಂಡಗೆ, ಬಾಲ ಮೊಂಡು, ಕಾಲು ಉದ್ದ. ಬೆನ್ನು ಹಸಿರು, ಎದೆ–ಹೊಟ್ಟೆ ತಿಳಿ ಕಂದುಹಳದಿ, ಗಂಟಲು ಬಿಳಿ. ಕಣ್ಣಿನ ಮೇಲೆ ಹಾದುಹೋಗುವ ದಪ್ಪ ಕಪ್ಪು ಪಟ್ಟಿ, ಅದರ ಮೇಲೆ ಬಿಳಿ ಹುಬ್ಬು, ನೆತ್ತಿಯ ನಡುವೆ ಇನ್ನೊಂದು ಕಪ್ಪು ಗೆರೆ. ರೆಕ್ಕೆಯ ಭುಜದಲ್ಲಿ ಹೊಳೆಯುವ ತಿಳಿನೀಲಿ, ಬಾಲದಡಿಯಲ್ಲಿ ಕಡುಗೆಂಪು. ಗಂಡು ಹೆಣ್ಣು ನೋಡಲು ಒಂದೇ.

ಇಷ್ಟು ಬಣ್ಣದ ಹಕ್ಕಿ ಕಣ್ಣಿಗೆ ಬೀಳದೇ ಇರುತ್ತದೆಯೇ ಅನಿಸಬಹುದು. ನೆರಳಲ್ಲಿ ನೀಲಿ ಹೊಳೆಯುವುದಿಲ್ಲ, ಕೆಂಪು ಕೆಳಗಡೆ ಮರೆಯಾಗಿರುತ್ತದೆ, ಹಸಿರು ಬೆನ್ನು ಪೊದೆಯ ನೆರಳಿನಲ್ಲಿ ಸೇರಿಹೋಗುತ್ತದೆ. ಹಾಗಾಗಿ ಬಣ್ಣ ಬಿಟ್ಟು ಚಲನೆ ಹುಡುಕಿ. ಎರಡು ಮೂರು ಸಲ ಕುಪ್ಪಳಿಸುತ್ತದೆ, ನಿಲ್ಲುತ್ತದೆ, ತಲೆ ಓರೆ ಮಾಡುತ್ತದೆ, ಕೊಕ್ಕಿನಿಂದ ಒಂದು ಎಲೆ ಎತ್ತಿ ಪಕ್ಕಕ್ಕೆ ಎಸೆಯುತ್ತದೆ, ಮತ್ತೆ ಕುಪ್ಪಳಿಸುತ್ತದೆ. ನಿಂತಾಗ ಮೊಂಡು ಬಾಲ ನಿಧಾನಕ್ಕೆ ಮೇಲೆ ಕೆಳಗೆ ಆಡುತ್ತದೆ.

ಅದೇ ನೆರಳಿನ ನೆಲದಲ್ಲಿ ಚಳಿಗಾಲದಲ್ಲಿ ಇನ್ನೂ ಕೆಲವು ಹಕ್ಕಿಗಳು ಸಿಗುತ್ತವೆ. ಕಿತ್ತಳೆ ತಲೆಯ ಥ್ರಶ್ ಕೂಡ ಎಲೆ ಎತ್ತಿ ಹಾಕುತ್ತದೆ, ಆದರೆ ನೆತ್ತಿ–ಎದೆ ಕಿತ್ತಳೆ, ಬಾಲ ಉದ್ದ. ಕಾಡು ಕುಂಡೆಕುಸ್ಕ ಬಾಲವನ್ನು ಪಕ್ಕದಿಂದ ಪಕ್ಕಕ್ಕೆ ತೂಗುತ್ತದೆ. ಅರೆಗತ್ತಲಲ್ಲಿ ಬೇರೇನೂ ಕಾಣದಿದ್ದರೂ ಇದೊಂದರಿಂದಲೇ ಬೇರ್ಪಡಿಸಬಹುದು. ಹರಟೆಮಲ್ಲಗಳ ವಿಷಯ ಹೇಳಬೇಕಿಲ್ಲ. ಅವು ಗುಂಪಾಗಿ ಬಂದು ಗದ್ದಲ ಎಬ್ಬಿಸಿಯೇ ಬರುತ್ತವೆ.

ಯಾವ ತಿಂಗಳು

ನವರಂಗ ಮುಖ್ಯವಾಗಿ ಹಿಮಾಲಯದ ತಪ್ಪಲು ಮತ್ತು ಮಧ್ಯ ಭಾರತದ ಕಾಡುಗಳಲ್ಲಿ ಮಳೆಗಾಲದ ಆಸುಪಾಸಿನಲ್ಲಿ ಗೂಡು ಕಟ್ಟುತ್ತದೆ. ಚಳಿಗಾಲಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಕ್ಕೆ ಇಳಿಯುತ್ತದೆ. ನಮ್ಮ ಕಡೆಗೆ ಬರುವುದು ದಸರಾ ಹೊತ್ತಿಗೆ, ಹಿಂದಿರುಗುವುದು ಏಪ್ರಿಲ್ ಹೊತ್ತಿಗೆ. ಈ ಏಳು ತಿಂಗಳೂ ಒಂದೇ ಥರ ಅಲ್ಲ.

ಅಕ್ಟೋಬರ್–ನವೆಂಬರಿನಲ್ಲಿ ದಾಟಿಹೋಗುವ ಹಕ್ಕಿಗಳೂ ಸೇರಿರುತ್ತವೆ. ಮನೆಯ ಹಿತ್ತಲಲ್ಲಿ, ಕಾಲೇಜಿನ ಆವರಣದಲ್ಲಿ ಒಂದು ದಿನ ಕಂಡು ಮರುದಿನ ಇಲ್ಲದಿರಬಹುದು. ಬಂದ ಹೊಸತರಲ್ಲಿ ಕೂಗು ಜಾಸ್ತಿ, ಹುಡುಕಲು ಸುಲಭ. ಡಿಸೆಂಬರಿನಿಂದ ಫೆಬ್ರವರಿವರೆಗೆ ನೆಲೆ ನಿಂತ ಹಕ್ಕಿ ತನ್ನದೇ ಒಂದು ಸಣ್ಣ ಜಾಗ ಹಿಡಿದುಕೊಂಡು ದಿನಾ ಅಲ್ಲೇ ಮೇಯುತ್ತದೆ. ಫೋಟೊಗೆ ಇದೇ ಕಾಲ, ಯಾಕೆಂದರೆ ಇವತ್ತು ಕಂಡದ್ದು ನಾಳೆಯೂ ಅಲ್ಲೇ ಇರುವ ಭರವಸೆ ಇದೆ. ಮಾರ್ಚ್ ಬಂದರೆ ನೆಲ ಒಣಗುತ್ತದೆ, ಎರೆಹುಳು ಆಳಕ್ಕೆ ಹೋಗುತ್ತವೆ. ಹಕ್ಕಿ ಕೊಳವೆ ಸೋರುವ ಕಡೆ, ಕಾಲುವೆಯ ಅಂಚು, ಕೆರೆಯ ಹಿನ್ನೀರಿನ ಪಕ್ಕದ ನೆರಳು ಹುಡುಕಿಕೊಂಡು ಹೋಗುತ್ತದೆ. ಆಗ ಜಾಗ ಊಹಿಸುವುದು ಸುಲಭ, ನಡೆಯುವುದು ಕಷ್ಟ. ಒಣಗಿದ ತರಗಿನ ಮೇಲೆ ಇಟ್ಟ ಪ್ರತಿ ಹೆಜ್ಜೆಯೂ ಹಪ್ಪಳ ಮುರಿದ ಹಾಗೆ ಕೇಳಿಸುತ್ತದೆ.

ಎಲ್ಲಿ ಹುಡುಕುವುದು

ಬೇಕಾದದ್ದು ಮೂರು: ಮೇಲೆ ಮರದ ನೆರಳು, ನಡುವೆ ಸೊಂಟದೆತ್ತರದ ಪೊದೆ, ಕೆಳಗೆ ತೇವ ಉಳಿದಿರುವ ತರಗು. ಮೂರರಲ್ಲಿ ಒಂದು ಕಡಿಮೆಯಾದರೂ ಅಲ್ಲಿ ಹೊತ್ತು ಕಳೆಯಬೇಡಿ. ಬೋಳು ನೀಲಗಿರಿ ತೋಪು, ಗುಡಿಸಿ ಚೊಕ್ಕಟ ಮಾಡಿದ ಪಾರ್ಕು, ಬರೀ ಹುಲ್ಲಿನ ಬಯಲು, ಇವೆಲ್ಲ ವ್ಯರ್ಥ. ಲಂಟಾನವನ್ನು ಎಲ್ಲರೂ ಬೈಯುತ್ತೇವೆ, ಸರಿಯೇ. ಆದರೆ ಅದರ ಅಡಿಯಲ್ಲಿ ನೆಲ ತಂಪಾಗಿರುತ್ತದೆ, ಗಿಡುಗನಿಂದ ಮರೆ ಸಿಗುತ್ತದೆ, ಹಾಗಾಗಿ ನವರಂಗ ಅಲ್ಲಿ ಇರುತ್ತದೆ.

ಮೈಸೂರಿನೊಳಗೆ ಮೊದಲು ನೋಡಬೇಕಾದದ್ದು ಕುಕ್ಕರಹಳ್ಳಿ ಕೆರೆಯ ದಡದ ಮರಗಾಡು ಮತ್ತು ಪಕ್ಕದ ಮಾನಸಗಂಗೋತ್ರಿ ಆವರಣದ ಹಳೆಯ ಮರಗಳ ಅಡಿ. ಕೆರೆ ವಿಶ್ವವಿದ್ಯಾನಿಲಯದ ಸುಪರ್ದಿಯಲ್ಲಿದೆ. ಗೇಟು ತೆರೆಯುವ, ಮುಚ್ಚುವ ಹೊತ್ತು ವಿಚಾರಿಸಿಕೊಂಡು ಹೋಗಿ. ಬೆಳಗಿನ ವಾಕಿಂಗ್ ಜನ ತೊಂದರೆ ಅನ್ನುವವರಿದ್ದಾರೆ. ಹಾಗೇನಿಲ್ಲ. ಒಂದೇ ದಾರಿಯಲ್ಲಿ, ಒಂದೇ ವೇಗದಲ್ಲಿ ನಡೆದುಹೋಗುವವರನ್ನು ಈ ಹಕ್ಕಿ ಸಹಿಸಿಕೊಳ್ಳುತ್ತದೆ. ದಾರಿ ಬಿಟ್ಟು ಒಳಗೆ ಬಂದವರನ್ನು, ಥಟ್ಟನೆ ನಿಂತು ಕೈ ತೋರಿಸುವವರನ್ನು ಸಹಿಸುವುದಿಲ್ಲ. ಕಾರಂಜಿ ಕೆರೆಯಲ್ಲಿ ನೆರಳು ಚೆನ್ನಾಗಿದೆ, ಆದರೆ ಟಿಕೆಟ್ ಕೌಂಟರ್ ತೆರೆಯುವಷ್ಟರಲ್ಲಿ ಬೆಳಗಿನ ಕೂಗಿನ ಹೊತ್ತು ಮೀರಿರುತ್ತದೆ, ಮಂಗಳವಾರ ರಜೆ. ಲಿಂಗಾಂಬುಧಿ ಕೆರೆಯ ಪೊದೆ ಇರುವ ಅಂಚುಗಳನ್ನೂ ನೋಡಬಹುದು.

ಚಾಮುಂಡಿ ಬೆಟ್ಟದ ಇಳಿಜಾರಿನ ಕುರುಚಲು ಕಾಡು, ಮಳೆನೀರು ಹರಿದ ಕೊರಕಲುಗಳು ಈ ಹಕ್ಕಿಗೆ ಹೇಳಿ ಮಾಡಿಸಿದ ಜಾಗ. ಅದು ಮೀಸಲು ಅರಣ್ಯ, ಚಿರತೆ ಇದೆ. ಮೆಟ್ಟಿಲು ಮತ್ತು ರಸ್ತೆ ಬಿಟ್ಟು ಒಳಗೆ ಹೋಗಬೇಡಿ, ಕತ್ತಲಿರುವಾಗ ತಪ್ಪಲಿನಲ್ಲಿ ಒಬ್ಬರೇ ಕೂರಲೇಬೇಡಿ. ಮೆಟ್ಟಿಲಿನ ಪಕ್ಕದ ಕೊರಕಲೇ ಸಾಕು.

ಮಂಡ್ಯ ಕಡೆ ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಡದ ಬಿದಿರುಮೆಳೆ, ಕರಿಘಟ್ಟದ ತಪ್ಪಲು, ಮೇಲುಕೋಟೆಯ ಕಲ್ಯಾಣಿಗಳ ಹಿಂದಿನ ಮರಗಾಡು ನೋಡಿ. ರಂಗನತಿಟ್ಟಿಗೆ ಹೋದವರೆಲ್ಲ ದೋಣಿ ಹತ್ತುತ್ತಾರೆ. ದಡದ ನೆರಳಿನ ದಾರಿಯ ಪಕ್ಕದ ಪೊದೆಗಳನ್ನು ಯಾರೂ ನೋಡುವುದಿಲ್ಲ. ಮೇಲುಕೋಟೆಯ ಸುತ್ತಲ ವನ್ಯಧಾಮ, ಮಳವಳ್ಳಿ ಕಡೆಯ ಮುತ್ತತ್ತಿ ಇಂಥಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು. ತೆಂಗು–ಅಡಿಕೆ ತೋಟದ ಬದುವಿನಲ್ಲಿ ಹಕ್ಕಿ ಕೂಗಿದರೆ ಬೇಲಿ ದಾಟುವ ಮೊದಲು ಯಜಮಾನರನ್ನು ಕೇಳಿ. ‘ಅಣ್ಣಾ, ಹಕ್ಕಿ ನೋಡಕ್ಕೆ ಬಂದಿದ್ದೀವಿ, ಒಂದರ್ಧ ಗಂಟೆ ಈ ಮೂಲೇಲಿ ಕೂತ್ಕೊಳ್ಳದಾ?’ ಅಂದರೆ ಬೇಡ ಅನ್ನುವವರು ಕಡಿಮೆ. ನೀರು ಬಿಡುವ ಹೊತ್ತು, ನಾಯಿ ಕಟ್ಟುವ ಜಾಗ ಅವರೇ ಹೇಳುತ್ತಾರೆ. ಎರಡೂ ನಿಮಗೆ ಬೇಕಾದ ಮಾಹಿತಿಯೇ.

ಮೊದಲ ಸಂಜೆ: ಕ್ಯಾಮೆರಾ ಮನೆಯಲ್ಲಿರಲಿ

ಕೂಗು ಎರಡು ಸ್ವರದ ಜೋರು ಸಿಳ್ಳು. ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ: ‘ವ್ಹೀಟ್–ಟ್ಯೂ’. ಕೂಗುವುದು ಮುಖ್ಯವಾಗಿ ಬೆಳಗಾಗುವ ಮುನ್ನ ಮತ್ತು ಮುಸ್ಸಂಜೆ. ಒಂದು ಕೂಗಿದರೆ ಆಚೆ ಕಡೆಯದ್ದು ಉತ್ತರ ಕೊಡುವುದೂ ಉಂಟು. ಮೈಸೂರಿನಲ್ಲಿ ನವೆಂಬರ್ ಮೊದಲ ವಾರ ಸೂರ್ಯ ಮುಳುಗುವುದು 6 ಗಂಟೆಗೆ ತುಸು ಮುಂಚೆ, ಜನವರಿ ಮಧ್ಯದಲ್ಲಿ 6.15 ದಾಟುತ್ತದೆ. ಮುಳುಗುವ 20 ನಿಮಿಷ ಮೊದಲು ಜಾಗದಲ್ಲಿದ್ದು, ಮುಳುಗಿದ 20 ನಿಮಿಷದವರೆಗೂ ನಿಂತು ಕೇಳಿ.

ಕೂಗನ್ನು ಮನೆಯಲ್ಲೇ ಕೇಳಿ ಕಲಿತು ಬನ್ನಿ. ಕ್ಸೆನೊ–ಕ್ಯಾಂಟೊ ಜಾಲತಾಣದಲ್ಲಿ ಧ್ವನಿಮುದ್ರಣಗಳಿವೆ. ಎರಡು ಹಕ್ಕಿಗಳು ಮೋಸ ಮಾಡುತ್ತವೆ. ಮಧುರಕಂಠದ ಸಿಳ್ಳೂ ಎರಡು ತುಂಡಿನದೇ, ಆದರೆ ಮೊದಲ ಸ್ವರವನ್ನು ಅದು ಉದ್ದಕ್ಕೆ ಎಳೆದು ಕೊನೆಗೆ ಥಟ್ಟನೆ ಬೀಳಿಸುತ್ತದೆ, ಅದೂ ಮರದ ಮೇಲಿನಿಂದ, ಮಟಮಟ ಮಧ್ಯಾಹ್ನವೂ ಕೂಗುತ್ತದೆ. ನವರಂಗದ ಎರಡು ಸ್ವರಗಳು ಚಿಕ್ಕವು, ಹೆಚ್ಚುಕಡಿಮೆ ಸಮ ಉದ್ದ. ಇನ್ನೊಂದು ಕಾಜಾಣ, ಅದು ಬೇರೆ ಹಕ್ಕಿಗಳ ದನಿ ಅನುಕರಿಸುವುದರಲ್ಲಿ ಪಳಗಿದ್ದು. ನವರಂಗದ ಕೂಗಿನ ಬೆನ್ನಿಗೇ ಇನ್ಯಾವುದೋ ಹಕ್ಕಿಯ ಕೂಗು ಅದೇ ಕೊಂಬೆಯಿಂದ ಬಂದರೆ ಅನುಮಾನಪಡಿ. ದನಿ ಕೇಳಿ ಹಕ್ಕಿ ಗುರುತಿಸುವ ಮರ್ಲಿನ್ ಆ್ಯಪ್ ಹೆಸರು ತೋರಿಸಿತು ಅಂದ ಮಾತ್ರಕ್ಕೆ ಒಪ್ಪಿಕೊಳ್ಳಬೇಡಿ, ಅದು ಒಂದು ಸುಳಿವು ಅಷ್ಟೆ.

ಈಗ ಜಾಗ ಗುರುತಿಸುವ ಕೆಲಸ. ದಟ್ಟ ಗಿಡಗಳ ನಡುವೆ ಸಿಳ್ಳು ಎತ್ತಣಿಂದ ಬಂತೆಂದು ಒಂದೇ ಕಡೆ ನಿಂತು ಹೇಳುವುದು ಕಷ್ಟ. ಮೊದಲ ಕೂಗಿಗೆ ಆ ದಿಕ್ಕಿಗೆ ಮುಖ ಮಾಡಿ ಫೋನಿನ ದಿಕ್ಸೂಚಿಯಲ್ಲಿ ಎಷ್ಟು ಡಿಗ್ರಿ ಅಂತ ಬರೆದುಕೊಳ್ಳಿ. ದಾರಿಯಲ್ಲೇ ಐವತ್ತು ಅರುವತ್ತು ಹೆಜ್ಜೆ ಪಕ್ಕಕ್ಕೆ ನಡೆದು ಮತ್ತೊಂದು ಕೂಗಿಗೆ ಕಾದು ಇನ್ನೊಂದು ಅಳತೆ ತೆಗೆದುಕೊಳ್ಳಿ. ಎರಡು ಗೆರೆ ಕೂಡುವಲ್ಲಿ ಹಕ್ಕಿ ಇದೆ. ಸದ್ದಿನ ಹಿಂದೆ ಪೊದೆಯೊಳಗೆ ನುಗ್ಗಬೇಡಿ. ಅದು ರಾತ್ರಿ ಕೂರುವ ಕೊಂಬೆಗೆ ಏರುವ ಹೊತ್ತು. ಆಗ ಎಬ್ಬಿಸಿದರೆ ಕತ್ತಲಲ್ಲಿ ಬೇರೆ ಜಾಗ ಹುಡುಕಬೇಕಾಗುತ್ತದೆ, ಮುಂದೆ ನಿಮ್ಮ ಲೆಕ್ಕವೂ ತಪ್ಪುತ್ತದೆ.

ಫೋನಿನಿಂದ ಕೂಗು ನುಡಿಸಿ ಕರೆಯುವ ಚಾಳಿ ಈಗ ತುಂಬಾ ಹಬ್ಬಿದೆ. ಮಾಡಬೇಡಿ. ಚಳಿಗಾಲದಲ್ಲೂ ಈ ಹಕ್ಕಿ ತನ್ನ ಜಾಗ ಕಾಯುತ್ತದೆ, ಹಾಗಾಗಿ ನುಡಿಸಿದರೆ ಬರುವುದು ನಿಜ. ಬರುವುದು ಇನ್ನೊಂದು ನವರಂಗ ನುಗ್ಗಿದೆ ಎಂಬ ಗಾಬರಿಯಿಂದ. ಮೇಯುವ ಹೊತ್ತು ಹಾಳು, ಬಯಲಿಗೆ ಬಂದರೆ ಶಿಕ್ರಾ ಗಿಡುಗನ ಕಣ್ಣಿಗೆ ಬೀಳುತ್ತದೆ. ಫೋಟೊ ದೃಷ್ಟಿಯಿಂದ ನೋಡಿದರೂ ಲಾಭವಿಲ್ಲ. ಸಿಗುವುದು ಕೊಂಬೆಯ ಮೇಲೆ ಬೆದರಿ ನಿಮಿರಿ ಕೂತ ಹಕ್ಕಿ, ತರಗಿನ ಮೇಲೆ ತನ್ನ ಪಾಡಿಗೆ ಮೇಯುವ ಹಕ್ಕಿಯಲ್ಲ.

ಮರುದಿನ ಹಗಲು: ನೆಲ ಓದುವುದು

ಬಿಸಿಲೇರಿದ ಮೇಲೆ, 11 ಗಂಟೆ ಸುಮಾರಿಗೆ, ಗುರುತು ಹಾಕಿದ ಜಾಗದ ಅಂಚಿಗೆ ಹೋಗಿ. ಹಕ್ಕಿ ಆಗ ಹೆಚ್ಚು ಓಡಾಡುವುದಿಲ್ಲ. ಕುಕ್ಕರಗಾಲಲ್ಲಿ ಕೂತು ಪೊದೆಯಡಿಗೆ ನೋಡಿ. ತರಗಿನಲ್ಲಿ ಅಂಗೈಯಗಲದ ಸಣ್ಣ ಸಣ್ಣ ತೆರವುಗಳು, ಮಗುಚಿ ಬಿದ್ದ, ಇನ್ನೂ ತೇವವಿರುವ ಎಲೆಗಳು, ಅವುಗಳ ನಡುವೆ ಒಂದೊಂದು ಗೇಣಿನ ಅಂತರ ಇದ್ದರೆ ಒಳ್ಳೆಯ ಸೂಚನೆ. ಮಾರುದ್ದ ಕೆದರಿ ಮಣ್ಣು ಹೊರಹಾಕಿದ್ದರೆ ಅದು ಕೋಳಿಯದ್ದೋ ಮುಂಗುಸಿಯದ್ದೋ ಇರಬೇಕು. ಬೆರಳಿನಿಂದ ಮಣ್ಣು ಒತ್ತಿ ನೋಡಿ. ತರಗಿನ ಕೆಳಗೆ ಮಣ್ಣು ಬೆರಳಿಗೆ ಅಂಟುವಷ್ಟು ತೇವವಿದ್ದರೆ ಎರೆಹುಳು, ಮರಿಹುಳು ಮೇಲೆಯೇ ಇರುತ್ತವೆ. ಹುಡಿಹುಡಿಯಾಗಿದ್ದರೆ ಹಕ್ಕಿ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಕೈ ಹಾಕುವ ಮೊದಲು ಕೋಲಿನಿಂದ ತರಗು ಸರಿಸಿ. ಕೊಳಕುಮಂಡಲ ಇಂಥ ತರಗಿನಲ್ಲೇ ಮಲಗಿರುತ್ತದೆ, ಬಣ್ಣ ಪೂರ್ತಿ ಹೊಂದಿಕೊಂಡಿರುತ್ತದೆ. ಮುಚ್ಚಿದ ಶೂ, ದಪ್ಪ ಪ್ಯಾಂಟು, ಕಾಲುಚೀಲದೊಳಗೆ ಪ್ಯಾಂಟಿನ ಅಂಚು. ರಕ್ತ ಹೀರುವ ಉಣ್ಣೆ ಹುಳಕ್ಕೂ ಇದೇ ಮದ್ದು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು ಬೇಡ. ಕೈಕಾಲು ಆಡಿಸದೆ 108ಕ್ಕೆ ಕರೆ ಮಾಡಿ, ವಿಷಪ್ರತಿರೋಧಕ ಇರುವ ದೊಡ್ಡ ಆಸ್ಪತ್ರೆಗೆ ನೇರ ಹೋಗಿ.

ಕೂರುವ ಜಾಗ ಆರಿಸುವುದು ಇದೇ ಹೊತ್ತಿನಲ್ಲಿ. ಬೆನ್ನಿಗೆ ಒಂದು ದಪ್ಪ ಮರ ಅಥವಾ ಪೊದೆ ಇರಬೇಕು, ನಿಮ್ಮ ಆಕಾರ ಅದರಲ್ಲಿ ಅಡಗಬೇಕು. ಎದುರಿಗೆ ಮೇವಿನ ಜಾಗದವರೆಗೆ ಒಂದು ಕಿಂಡಿ, ಅಂದರೆ ನೆಲದಿಂದ ಒಂದಡಿ ಎತ್ತರದಲ್ಲಿ ಕಡ್ಡಿ–ಎಲೆ ಅಡ್ಡ ಬಾರದ ಸಾಲು ಸಿಗಬೇಕು. ನಿಂತು ನೋಡಿದರೆ ಖಾಲಿ ಕಾಣುವ ಜಾಗ ಮಲಗಿ ನೋಡಿದರೆ ಪೂರ್ತಿ ಹುಲ್ಲುಕಡ್ಡಿ. ಆದ್ದರಿಂದ ಲೆನ್ಸ್ ಇರುವ ಎತ್ತರಕ್ಕೆ ಕಣ್ಣು ತಂದು ನೋಡಿ. ಅಡ್ಡ ಇರುವ ಕೊಂಬೆ ಕತ್ತರಿಸಬೇಡಿ, ನೀವೇ ಎರಡಡಿ ಪಕ್ಕಕ್ಕೆ ಸರಿಯಿರಿ. ಆ ಕೊಂಬೆ ಹಕ್ಕಿಗೆ ಮರೆ, ಅದು ಹೋದರೆ ಹಕ್ಕಿ ಆ ಕಿಂಡಿಗೇ ಬರುವುದಿಲ್ಲ.

ಎಷ್ಟು ದೂರ? ಎಂಟರಿಂದ ಹತ್ತು ಮೀಟರ್

ಎಷ್ಟು ಹತ್ತಿರ ಹೋದರೆ ಅಷ್ಟು ಒಳ್ಳೆಯ ಫೋಟೊ ಅನ್ನುವ ನಂಬಿಕೆ ಇಲ್ಲಿ ಪೂರ್ತಿ ಕೈಕೊಡುತ್ತದೆ. ಲೆಕ್ಕ ನೋಡಿ. ಕ್ರಾಪ್ ಸೆನ್ಸರಿನ (ಫುಲ್ ಫ್ರೇಮಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾಗೆ 500 ಮಿ.ಮೀ. ಲೆನ್ಸ್ ಹಾಕಿದರೆ 8 ಮೀಟರ್ ದೂರದಲ್ಲಿ ಚೌಕಟ್ಟಿನ ಅಗಲಕ್ಕೆ ಬರುವ ಜಾಗ ಸುಮಾರು 38 ಸೆಂ.ಮೀ. ಹತ್ತೊಂಬತ್ತು ಸೆಂಟಿಮೀಟರಿನ ಹಕ್ಕಿ ಅದರಲ್ಲಿ ಅರ್ಧ ತುಂಬುತ್ತದೆ. ಇದಕ್ಕಿಂತ ದೊಡ್ಡದು ಬೇಕಿಲ್ಲ. 10 ಮೀಟರಿನಲ್ಲಿ ಸುಮಾರು 47 ಸೆಂ.ಮೀ., ಆಗಲೂ ಚೆನ್ನಾಗಿಯೇ ಬರುತ್ತದೆ. 5 ಮೀಟರಿಗೆ ಹೋದರೆ ಚೌಕಟ್ಟಿನ ಅಗಲ 23 ಸೆಂಟಿಮೀಟರಿಗೆ ಇಳಿಯುತ್ತದೆ, ಹಕ್ಕಿ ಒಮ್ಮೆ ಕುಪ್ಪಳಿಸಿದರೆ ಹೊರಗೆ.

ಸ್ಪಷ್ಟತೆಯ ಆಳವೂ ಹಾಗೆಯೇ. ಎಫ್/6.3ರಲ್ಲಿ (ಇದು ಲೆನ್ಸಿನ ಬೆಳಕಿನ ದ್ವಾರದ ಅಳತೆ) 8 ಮೀಟರಿಗೆ ಸುಮಾರು 6 ಸೆಂ.ಮೀ. ಆಳ ಸ್ಪಷ್ಟವಿರುತ್ತದೆ, 5 ಮೀಟರಿಗೆ ಎರಡೂವರೆ ಸೆಂ.ಮೀ. ಮಾತ್ರ. ಕಣ್ಣು ಸ್ಪಷ್ಟ, ಭುಜದ ನೀಲಿ ಮಬ್ಬು ಅನ್ನುವ ಫೋಟೊಗಳೆಲ್ಲ ಹುಟ್ಟುವುದು ಹೀಗೆ. ಲೆನ್ಸ್ 400 ಮಿ.ಮೀ. ಇದ್ದರೆ 7 ಮೀಟರ್ ಸಾಕು. 300 ಮಾತ್ರ ಇದ್ದರೆ ಹಕ್ಕಿಯನ್ನು ಅದರ ಜಾಗದ ಸಮೇತ ತೆಗೆಯಿರಿ. ಬಿದಿರಿನ ಬುಡ, ತರಗು, ಬೆಳಕಿನ ತೇಪೆ, ಅವುಗಳ ನಡುವೆ ಹಕ್ಕಿ. ಇಂಥ ಫೋಟೊಗಳು ಕಡಿಮೆ ಇರುವುದರಿಂದ ನೋಡುವವರಿಗೂ ಹೊಸತು.

ಬರೀ ನೋಡುವುದಕ್ಕೆ 8×42 ದುರ್ಬೀನು 10×42ಕ್ಕಿಂತ ಒಳ್ಳೆಯದು. ಕಣ್ಣಿಗೆ ಬರುವ ಬೆಳಕಿನ ಕಂಡಿ 8×42ರಲ್ಲಿ 5.2 ಮಿ.ಮೀ., ಇನ್ನೊಂದರಲ್ಲಿ 4.2. ಮುಸ್ಸಂಜೆ ಪೊದೆಯಡಿಯಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಜೊತೆಗೆ ಏನಿರಬೇಕು

ಟ್ರೈಪಾಡ್ ಇದ್ದರೆ ನೆಲಕ್ಕೆ ತಗುಲುವಷ್ಟು ಕಾಲು ಬಿಚ್ಚುವಂಥದ್ದು. ಇಲ್ಲವಾದರೆ ಕಾಳಿನ ಚೀಲವೇ ಉತ್ತಮ: ಹಳೆ ಜೀನ್ಸ್ ಪ್ಯಾಂಟಿನ ಒಂದು ಕಾಲು, ಎರಡೂ ಬಾಯಿಗೆ ಎರಡೆರಡು ಹೊಲಿಗೆ, ಒಳಗೆ ಒಂದೂವರೆಯಿಂದ ಎರಡು ಕೆಜಿ ಹುರುಳಿ. ರಾಗಿ ತುಂಬಬೇಡಿ, ಹೊಲಿಗೆಯ ಸಂದಿನಿಂದ ಸೋರಿ ಲೆನ್ಸಿನ ರಿಂಗಿಗೆ ಸೇರುತ್ತದೆ. ಪೂರ್ತಿ ಬಿಗಿಯಾಗಿಯೂ ತುಂಬಬೇಡಿ. ಮುಕ್ಕಾಲು ಭಾಗ ಇದ್ದರೆ ಲೆನ್ಸ್ ಕೂರಲು ಗುಳಿ ಬೀಳುತ್ತದೆ. ಕೂರಲು ಗೋಣಿಚೀಲ, ಪ್ಲಾಸ್ಟಿಕ್ ಶೀಟು ಬೇಡ. ಚರಪರ ಅನ್ನುವ ಜಾಕೆಟ್ಟೂ ಬೇಡ. ಬಟ್ಟೆ ಮಣ್ಣಿನ ಬಣ್ಣದ್ದೋ ಕಡು ಹಸಿರಿನದ್ದೋ ಇರಲಿ. ಮಿಲಿಟರಿ ಪ್ರಿಂಟ್ ಕಡ್ಡಾಯವೇನಲ್ಲ, ಅಲುಗಾಡದಿದ್ದರೆ ಬೂದು ಪಂಚೆಯೂ ನಡೆಯುತ್ತದೆ. ಮುಖ ಮತ್ತು ಅಂಗೈ ಬೆಳ್ಳಗೆ ಮಿಂಚುವುದೇ ಹೆಚ್ಚಿನ ತೊಂದರೆ. ಒಂದು ಕಂದು ಟವೆಲ್ ಅಡ್ಡ ಹಾಕಿಕೊಳ್ಳಿ.

ಕೂರುವ ಬೆಳಗ್ಗೆ

ಜನವರಿಯಲ್ಲಿ ಸೂರ್ಯ ಹುಟ್ಟುವುದು 6.45ರ ಸುಮಾರಿಗೆ. 6.15ಕ್ಕೆ ಕೂತಿರಬೇಕು. ತಡವಾಗಿ ಬಂದರೆ ನೀವು ಬರುವುದನ್ನು ಹಕ್ಕಿ ನೋಡುತ್ತದೆ, ಅವತ್ತಿಗೆ ಮುಗಿಯಿತು. ಕೂತಾದ ಮೇಲೆ ಮಾಡಬೇಕಾದ ಕೆಲಸ ಹೆಚ್ಚಿಲ್ಲ, ಆದರೆ ಎಲ್ಲವೂ ಬೆಳಕು ಬರುವ ಮೊದಲೇ ಮುಗಿಯಬೇಕು. ಬೀಪ್ ಸದ್ದು ಬಂದ್, ಫೋಕಸ್ ನೆರವಿನ ಕೆಂಪು ದೀಪ ಬಂದ್, ಹಿಂಬದಿ ಪರದೆ ಕತ್ತಲು, ಫೋನ್ ಸೈಲೆಂಟ್. ಸದ್ದಿಲ್ಲದ ಶಟರ್ ಇದ್ದರೆ ಹಾಕಿಕೊಳ್ಳಿ. ಲೆನ್ಸನ್ನು ಕಿಂಡಿಯ ಕಡೆ ತಿರುಗಿಸಿ, 8 ಮೀಟರಿಗೆ ಫೋಕಸ್ ಮಾಡಿ ಬಿಟ್ಟಿರಿ.

ಮೊದಲ ಇಪ್ಪತ್ತು ನಿಮಿಷ ಏನೂ ಆಗುವುದಿಲ್ಲ. ಮಡಿವಾಳ ಹಕ್ಕಿ ಬರುತ್ತದೆ, ಪಿಕಳಾರ ಗದ್ದಲ ಮಾಡುತ್ತದೆ, ಹರಟೆಮಲ್ಲಗಳ ದಂಡು ಬಂದು ನಿಮ್ಮನ್ನು ಕಂಡು ಬೈದು ಹೋಗುತ್ತದೆ. ಅವು ಬೈಯುವುದು ನಿಂತ ಮೇಲೆಯೇ ನವರಂಗ ಬಯಲಿಗೆ ಬರುವುದು. ಒಂದು ಗಂಟೆಯಾದರೂ ಕೂರುವ ಲೆಕ್ಕದಲ್ಲಿ ಬನ್ನಿ. ಕಾಲು ಜೋಮು ಹಿಡಿದರೆ ಹಕ್ಕಿ ತಲೆ ತಗ್ಗಿಸಿ ಎಲೆ ಎತ್ತುವ ಕ್ಷಣದಲ್ಲಿ ಮಾತ್ರ ಅಲುಗಿ. ಹಕ್ಕಿ ನಿಂತು ನಿಮ್ಮತ್ತ ಒಂದೇ ಕಣ್ಣಿನಿಂದ ದಿಟ್ಟಿಸುತ್ತಿದ್ದರೆ, ಬಾಲದ ಆಟ ಜೋರಾದರೆ, ಅದಕ್ಕೆ ಅನುಮಾನ ಬಂದಿದೆ. ಬೆರಳು ಗುಂಡಿಯಿಂದ ತೆಗೆದು ಸುಮ್ಮನಿರಿ. ಕುಪ್ಪಳಿಸುವುದು ಮತ್ತೆ ಶುರುವಾದರೆ ಒಪ್ಪಿದೆ ಎಂದರ್ಥ.

ಒಬ್ಬರೋ ಇಬ್ಬರೋ ಕೂರಬಹುದು. ಐದಾರು ಜನ ಸೇರಿದ ಕಡೆ ಇದೆಲ್ಲ ಸಾಗುವುದಿಲ್ಲ.

ಕ್ಯಾಮೆರಾ ಅಂಕಿಗಳು

ಮರದಡಿಯಲ್ಲಿ ಫೋಟೊಗೆ ಸಾಲುವಷ್ಟು ಬೆಳಕು ಬರುವುದು ಸೂರ್ಯ ಹುಟ್ಟಿ ಅರ್ಧ ಗಂಟೆಯ ಮೇಲೆ. ದಟ್ಟ ನೆರಳಿನಲ್ಲಿ ಎಫ್/6.3 ಇದ್ದರೆ 1/125 ಸೆಕೆಂಡಿಗೆ ಐಎಸ್ಒ (ಸೆನ್ಸರಿನ ಬೆಳಕಿನ ಸಂವೇದನೆ) 3200 ಬೇಕಾಗುತ್ತದೆ, 1/250ಕ್ಕೆ 6400. ಇದನ್ನೇ ಶುರುವಿನ ಅಂಕಿ ಎಂದುಕೊಳ್ಳಿ. ಐಎಸ್ಒ ಹೆಚ್ಚಿಸಲು ಹೆದರಿ 1/30ಕ್ಕೆ ಇಳಿದರೆ ಎಲ್ಲವೂ ಅಲುಗಿದ ಫೋಟೊ. ಕಾಳುಕಾಳಾದ ಫೋಟೊವನ್ನು ಸರಿಪಡಿಸಬಹುದು, ಅಲುಗಿದ್ದನ್ನು ಯಾವ ಸಾಫ್ಟ್‌ವೇರೂ ಸರಿಪಡಿಸುವುದಿಲ್ಲ.

ಈ ಹಕ್ಕಿಯ ಅನುಕೂಲ ಒಂದಿದೆ. ಕುಪ್ಪಳಿಕೆಗಳ ನಡುವೆ ಅದು ನಿಜಕ್ಕೂ ಕಲ್ಲಿನ ಹಾಗೆ ನಿಲ್ಲುತ್ತದೆ. ಕಾಳಿನ ಚೀಲದ ಮೇಲೆ ಲೆನ್ಸ್ ಇದ್ದು, ಸ್ಟೆಬಿಲೈಸರ್ ಆನ್ ಇದ್ದರೆ ಆ ಕ್ಷಣಕ್ಕೆ 1/125 ಧಾರಾಳ ಸಾಕು. ಎಲೆ ಎಸೆಯುವ ಕ್ಷಣ ಬೇಕಾದರೆ 1/800ಕ್ಕೆ ಕಡಿಮೆ ಆಗದು, ಅದಕ್ಕೆ ಒಂಬತ್ತು ಗಂಟೆಯ ಬೆಳಕಿಗೆ ಕಾಯಬೇಕು. ನಾಲ್ಕೈದು ಚಿತ್ರಗಳ ಚಿಕ್ಕ ಸರಣಿ ಒತ್ತಿ ಬಿಡಿ. ಗುಂಡಿ ಒತ್ತಿಹಿಡಿದು ಮೂವತ್ತು ತೆಗೆದರೆ ಶಟರ್ ಸದ್ದಿಗೆ ಹಕ್ಕಿ ಹೋಗುತ್ತದೆ, ಬಫರ್ (ಕ್ಯಾಮೆರಾದ ತಾತ್ಕಾಲಿಕ ನೆನಪು) ತುಂಬಿ ಕ್ಯಾಮೆರಾ ನಿಂತಾಗಲೇ ಒಳ್ಳೆಯ ಭಂಗಿ ಬರುತ್ತದೆ.

ಫೋಕಸ್ ಒಂದೇ ಚುಕ್ಕೆಯದ್ದಿರಲಿ, ಅದನ್ನು ಕಣ್ಣಿನ ಮೇಲಿಡಿ. ಕಪ್ಪು ಪಟ್ಟಿಯೊಳಗೆ ಕಪ್ಪು ಕಣ್ಣು ಇರುವುದರಿಂದ ಕ್ಯಾಮೆರಾದ ಕಣ್ಣು ಗುರುತಿಸುವ ವ್ಯವಸ್ಥೆ ನೆರಳಿನಲ್ಲಿ ಆಗಾಗ ಎಡವುತ್ತದೆ. ಆಗ ಬಿಳಿ ಹುಬ್ಬು ಮತ್ತು ಕಪ್ಪು ಪಟ್ಟಿ ಕೂಡುವ ಗೆರೆಗೆ ಚುಕ್ಕೆ ಹಿಡಿಯಿರಿ, ಕಣ್ಣು ಅದರ ಪಕ್ಕದಲ್ಲೇ ಇದೆ. ಅಗಲ ಫೋಕಸ್ ಇಟ್ಟರೆ ಎದುರಿನ ಹುಲ್ಲುಕಡ್ಡಿಗೆ ಹೋಗಿ ಕೂರುತ್ತದೆ. ಇನ್ನೊಂದು ಸಾಮಾನ್ಯ ಎಡವಟ್ಟು: ನಾಗರಹೊಳೆ ಸಫಾರಿಯಲ್ಲಿ ಲೆನ್ಸಿನ ಫೋಕಸ್ ಮಿತಿ ಸ್ವಿಚ್ಚನ್ನು 10 ಮೀಟರಿನಿಂದ ಆಚೆಗೆ ಇಟ್ಟು ಮರೆತುಬಿಟ್ಟಿರುತ್ತಾರೆ. ಇಲ್ಲಿ 8 ಮೀಟರಿನ ಹಕ್ಕಿಗೆ ಫೋಕಸ್ ಸಿಗದೆ ಲೆನ್ಸ್ ಹಿಂದೆ ಮುಂದೆ ಓಡುತ್ತಲೇ ಇರುತ್ತದೆ. ಕೂರುವ ಮೊದಲು ಆ ಸ್ವಿಚ್ ನೋಡಿ.

ಎಕ್ಸ್‌ಪೋಷರ್ ವಿಷಯದಲ್ಲಿ ಎಚ್ಚರ ಬೇಕಾದದ್ದು ಬಿಳಿ ಗಂಟಲಿಗೆ. ಎಲೆಗಳ ನಡುವಿನಿಂದ ಬಿಸಿಲಿನ ಒಂದು ತೇಪೆ ಅದರ ಮೇಲೆ ಬಿದ್ದರೆ ವಿವರ ಪೂರ್ತಿ ಸುಟ್ಟುಹೋಗುತ್ತದೆ. ಬಿಸಿಲಿನ ತೇಪೆ ಇರುವ ಕಡೆ ಎಕ್ಸ್‌ಪೋಷರ್ ತಿದ್ದುಪಡಿ ಮೈನಸ್ 2/3, ಒಂದೇ ಸಮ ನೆರಳಿನಲ್ಲಿ ಸೊನ್ನೆ. ಮೋಡದ ಬೆಳಗ್ಗೆ ಸಿಕ್ಕರೆ ಬಿಡಬೇಡಿ: ಬೆಳಕು ಕಡಿಮೆ, ಆದರೆ ತೇಪೆಗಳ ಕಾಟವಿಲ್ಲ, ಬಣ್ಣಗಳು ಸರಿಯಾಗಿ ಬರುತ್ತವೆ. ಫ್ಲ್ಯಾಷ್ ಬೇಡ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ತೊಂದರೆ, ಜೊತೆಗೆ ಎಲೆಯ ಮೇಲಿನ ತೇವವೆಲ್ಲ ಬಿಳಿ ಚುಕ್ಕೆಯಾಗಿ ಫೋಟೊ ಕೆಡುತ್ತದೆ.

ರಾ (ಕ್ಯಾಮೆರಾ ಸಂಸ್ಕರಿಸದ) ಕಡತದಲ್ಲೇ ತೆಗೆಯಿರಿ. ಎಲೆಗಳ ಮೂಲಕ ಬಂದ ಬೆಳಕು ಹಸಿರಾಗಿರುತ್ತದೆ, ಬಿಳಿ ಗಂಟಲೂ ಪಾಚಿಗಟ್ಟಿದ ಹಾಗೆ ಕಾಣುತ್ತದೆ. ಮನೆಗೆ ಬಂದು ಗಂಟಲಿನ ಬಿಳಿಯನ್ನೇ ಆಧಾರವಾಗಿಟ್ಟು ಬಣ್ಣ ಸರಿ ಮಾಡಿ, ಛಾಯೆಯನ್ನು ಸ್ವಲ್ಪ ಮೆಜೆಂಟಾ ಕಡೆಗೆ ತಳ್ಳಿ. ಬಣ್ಣದ ತೀವ್ರತೆ ಏರಿಸುವ ಆಸೆ ಬರುತ್ತದೆ. ಏರಿಸಿದರೆ ಮೊದಲು ಕೆಡುವುದು ಬಾಲದಡಿಯ ಕೆಂಪು. ಗರಿಯ ಎಳೆಗಳೆಲ್ಲ ಕಲೆಸಿ ಕೆಂಪು ಮುದ್ದೆಯಾಗುತ್ತದೆ.

ಮೇಲೇಳುವುದು

ಫೋಟೊ ಸಿಕ್ಕಿತೆಂದು ತಟ್ಟನೆ ಎದ್ದು ನಿಲ್ಲಬೇಡಿ. ಹಕ್ಕಿ ಮೇಯುತ್ತಾ ಪೊದೆಯ ಆಚೆ ಹೋಗುವವರೆಗೆ ಕಾದು, ಬಂದ ದಾರಿಯಲ್ಲೇ ಹಿಂದಿರುಗಿ. ಒಂದೇ ಹಕ್ಕಿಯ ಮುಂದೆ ದಿನಾ ಕೂರುವುದೂ ಸರಿಯಲ್ಲ, ಮಧ್ಯೆ ಕೆಲವು ದಿನ ಬಿಡುವು ಕೊಡಿ. ಹುಳು ಹಾಕಿ ಕರೆಯುವ ಅಭ್ಯಾಸ ಶುರು ಮಾಡಬೇಡಿ. ಒಂದೇ ಜಾಗಕ್ಕೆ ದಿನಾ ಬರುವ ಹಕ್ಕಿಯನ್ನು ಬೆಕ್ಕು ಬೇಗ ಕಲಿತುಕೊಳ್ಳುತ್ತದೆ.

ದಿನಾಂಕ, ಹೊತ್ತು, ಕೂಗು ಕೇಳಿದ್ದೋ ಕಂಡದ್ದೋ, ಯಾವ ಮರದಡಿ, ನೆಲ ತೇವವೋ ಒಣಗಿತ್ತೋ, ಇಷ್ಟನ್ನು ಬರೆದಿಡಿ. ಹಕ್ಕಿ ಕಂಡ ದಾಖಲೆ ಸೇರಿಸುವ ಜಾಲತಾಣ ಇ–ಬರ್ಡ್‌ಗೂ ಹಾಕಿ. ಮೊದಲ ಕೂಗು ಮತ್ತು ಕೊನೆಯ ಕೂಗಿನ ತಾರೀಕು ವರ್ಷ ವರ್ಷ ಇಟ್ಟುಕೊಂಡರೆ ಮುಂದಿನ ಹಂಗಾಮಿಗೆ ಯಾವ ವಾರ ಕಿವಿ ತೆರೆದಿಡಬೇಕೆಂದು ಅದೇ ಹೇಳುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೊ ಹಾಕುವಾಗ ಮಾತ್ರ ಕೆರೆಯ ಹೆಸರು ಸಾಕು, ನಕ್ಷೆಯ ಗುರುತು ಬೇಡ. ಗುರುತು ಹಾಕಿದ ಭಾನುವಾರವೇ ಆ ಮೆಳೆಯ ಮುಂದೆ ಹತ್ತು ಟ್ರೈಪಾಡ್ ನಿಲ್ಲುತ್ತವೆ.

ಹಕ್ಕಿಯೇ ಮನೆಗೆ ಬಂದು ಬಿದ್ದರೆ

ವಲಸೆಯ ಹಕ್ಕಿಗಳು ರಾತ್ರಿ ಹಾರುತ್ತವೆ. ದಣಿದು, ಬೆಳಕಿಗೆ ದಾರಿ ತಪ್ಪಿ ಊರೊಳಗೆ ಇಳಿಯುವುದು, ಕಿಟಕಿಯ ಗಾಜಿಗೆ ಡಿಕ್ಕಿ ಹೊಡೆಯುವುದು ಅಕ್ಟೋಬರ್–ನವೆಂಬರಿನಲ್ಲಿ ಮತ್ತು ಏಪ್ರಿಲ್ ಹೊತ್ತಿಗೆ ಆಗುತ್ತಿರುತ್ತದೆ. ಬಣ್ಣ ನೋಡಿ ಯಾರೋ ಸಾಕಿದ ಹಕ್ಕಿ ತಪ್ಪಿಸಿಕೊಂಡು ಬಂದಿದೆ ಎಂದು ಪಂಜರ ಹುಡುಕುವವರೇ ಹೆಚ್ಚು. ತೆಳು ಬಟ್ಟೆ ಹಾಕಿ ಮೆಲ್ಲಗೆ ಎತ್ತಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಹಳೆ ಟವೆಲ್ ಹಾಸಿ ಇಡಿ, ಮುಚ್ಚಳ ಹಾಕಿ. ಕತ್ತಲು ಮತ್ತು ನಿಶ್ಶಬ್ದವೇ ಅದಕ್ಕೆ ಔಷಧಿ. ಅನ್ನ, ಹಾಲು, ಬಾಯಿಗೆ ನೀರು ಯಾವುದೂ ಬೇಡ. ಬಲವಂತದ ನೀರು ಶ್ವಾಸನಾಳಕ್ಕೆ ಹೋಗಿ ಹಕ್ಕಿ ಸಾಯಬಹುದು. ಒಂದೆರಡು ಗಂಟೆ ಬಿಟ್ಟು, ಹಗಲಿದ್ದರೆ ಹತ್ತಿರದ ಪೊದೆ ಇರುವ ಮರಗಳ ಕೆಳಗೆ ಡಬ್ಬ ತೆರೆದು ಹಿಂದೆ ಸರಿಯಿರಿ. ರಾತ್ರಿಯಾಗಿದ್ದರೆ ಬೆಳಗಾಗುವವರೆಗೆ ಡಬ್ಬದಲ್ಲೇ ಇರಲಿ. ರೆಕ್ಕೆ ಜೋತುಬಿದ್ದಿದ್ದರೆ, ಡಬ್ಬ ತೆರೆದರೂ ನಿಲ್ಲಲಾಗದಿದ್ದರೆ ಅರಣ್ಯ ಇಲಾಖೆಯವರಿಗೆ ಒಪ್ಪಿಸಿ. ಎಷ್ಟೇ ಮುದ್ದಾಗಿದ್ದರೂ ಮನೆಯಲ್ಲಿಟ್ಟುಕೊಂಡು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ.